ಹೊಟ್ಟೆಯಲ್ಲೂ ಬರುವ ಕ್ಷಯ: ಊಹೆಗಿಂತ ತುಣುಕು ಪರೀಕ್ಷೆ ಮೇಲು

“ವಿಶೇಷವೇನಮ್ಮಾ? ಎಷ್ಟು ತಿಂಗಳು?”

ಮೂಡಲಪಾಳ್ಯದ ಬೀದಿಯೊಂದರಲ್ಲಿ ಪಕ್ಕದ ಮನೆಯವರು ಸಂತೋಷದಿಂದಲೇ ಕೇಳಿದ ಮಾತು ಇದು. ಆಕೆ ಉತ್ತರ ಹೇಳಲಾರದೆ ಒಳಗೆ ಬಂದು ಅತ್ತರಂತೆ. ವಯಸ್ಸು 29. ಮದುವೆಯಾಗಿ ಆರು ವರ್ಷ. ಮೈಸೂರು ರಸ್ತೆಯ ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಹೊಲಿಗೆ ಕೆಲಸ. ಮಕ್ಕಳಾಗಲಿಲ್ಲವೆಂಬ ಕೊರಗು ಮೊದಲೇ ಇತ್ತು. ಈಗ ಹೊಟ್ಟೆ ದಿನೇ ದಿನೇ ಮುಂದಕ್ಕೆ ಬರುತ್ತಿತ್ತು, ಮುಖ ಮತ್ತು ಕೈಕಾಲು ಸೊರಗುತ್ತಿದ್ದವು. (ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ.)

ಇಲ್ಲಿ ನನ್ನದೊಂದು ತಪ್ಪನ್ನೂ ಹೇಳಿಬಿಡಬೇಕು. ಅದಕ್ಕೆ ಒಂದು ತಿಂಗಳ ಹಿಂದೆ ಅವರು ವಿಜಯನಗರದ ನನ್ನ ಕ್ಲಿನಿಕ್ಕಿಗೆ ಬಂದಿದ್ದರು. “ಊಟ ಸೇರೋದಿಲ್ಲ ಡಾಕ್ಟ್ರೇ, ಹೊಟ್ಟೆ ಉಬ್ಬರ, ಗ್ಯಾಸ್ ಇರ್ಬೇಕು” ಎಂದರು. ಸಂಜೆಯ ಹೊತ್ತು, ಹೊರಗೆ ಬೆಂಚಿನ ತುಂಬ ಜನ. ನಾನೂ ಗ್ಯಾಸ್ ಇರಬೇಕೆಂದೇ ಎಣಿಸಿ ಎರಡು ವಾರದ ಮಾತ್ರೆ ಬರೆದುಕೊಟ್ಟೆ. ತೂಕ ನೋಡಲಿಲ್ಲ. ಸಂಜೆ ಮೈ ಬಿಸಿಯಾಗುತ್ತದೆಯೇ ಎಂದು ಕೇಳಲಿಲ್ಲ. ಎರಡನೆಯ ಸಲ ಬಂದಾಗ ಕೇಳಿದೆ. ಎರಡು ತಿಂಗಳಿಂದ ಸಂಜೆಗೆ ಸಣ್ಣ ಜ್ವರ, ರಾತ್ರಿ ಬೆವರು. ಹೊಟ್ಟೆಯ ಗಾತ್ರ ಹೆಚ್ಚಿದ್ದರೂ ತೂಕ ಮಾತ್ರ 54 ಕಿಲೋದಿಂದ 47ಕ್ಕೆ ಇಳಿದಿತ್ತು. ಹೊಟ್ಟೆಯನ್ನು ಬೆರಳಿನಿಂದ ತಟ್ಟಿ ನೋಡಿದಾಗ ಒಳಗೆ ನೀರು ತುಂಬಿರುವುದು ತಿಳಿಯಿತು. ನಮ್ಮ ಹಿರಿಯರು ಜಲೋದರ ಎನ್ನುತ್ತಿದ್ದುದು ಇದನ್ನೇ.

ಸ್ಕ್ಯಾನಿಂಗ್‌ನಲ್ಲಿ ನೀರಿನ ಜೊತೆಗೆ ಕರುಳನ್ನು ಮುಚ್ಚಿರುವ ಕೊಬ್ಬಿನ ಪೊರೆ ದಪ್ಪವಾಗಿರುವುದು ಕಂಡಿತು. ಅಂಡಾಶಯಗಳು ಸ್ಪಷ್ಟವಾಗಿ ಕಾಣಲಿಲ್ಲ. ಸಿಎ-125 ಎಂಬ ರಕ್ತಪರೀಕ್ಷೆಯ ಅಂಕಿ ಇರಬೇಕಾದುದಕ್ಕಿಂತ ಎಂಟು ಪಟ್ಟು ಹೆಚ್ಚಿತ್ತು. ಗಂಡ ಆ ಹೆಸರನ್ನು ಮೊಬೈಲಿನಲ್ಲಿ ಹುಡುಕಿದರು. “ಅಂಡಾಶಯದ ಕ್ಯಾನ್ಸರ್” ಎಂಬ ಮಾತು ಕಣ್ಣಿಗೆ ಬಿತ್ತು. ಅಂದು ರಾತ್ರಿ ಆ ಮನೆಯಲ್ಲಿ ಯಾರೂ ಊಟ ಮಾಡಲಿಲ್ಲ.

ಹೊಟ್ಟೆಯ ನೀರನ್ನು ಸೂಜಿಯಿಂದ ತೆಗೆದು ಪರೀಕ್ಷಿಸಿದ್ದಾಯಿತು. ಕ್ಯಾನ್ಸರ್ ಕಣಗಳಿಲ್ಲ. ಕ್ಷಯದ ರೋಗಾಣುವೂ ಕಾಣಲಿಲ್ಲ. ಕ್ಷಯವನ್ನು ಸೂಚಿಸುವ ಎಡಿಎ ಎಂಬ ಪರೀಕ್ಷೆಯ ಅಂಕಿ ಅತ್ತಲೂ ಇಲ್ಲ ಇತ್ತಲೂ ಇಲ್ಲ ಎಂಬಂತೆ ಗಡಿಯಲ್ಲಿ ನಿಂತಿತ್ತು. ತಜ್ಞರು, “ಲ್ಯಾಪ್ರೋಸ್ಕೋಪಿ ಮಾಡಿ ಒಳಗೆ ನೋಡೋಣ, ಒಂದು ತುಣುಕು ತೆಗೆದು ಪರೀಕ್ಷೆಗೆ ಕಳಿಸೋಣ” ಎಂದರು. ಅತ್ತೆ ನನ್ನ ಬಳಿ ಬಂದು, “ಹೊಟ್ಟೆ ಕುಯ್ಯೋದು ಬೇಡ ಡಾಕ್ಟ್ರೇ, ಕುಯ್ದರೆ ಕಾಯಿಲೆ ಮೈಯೆಲ್ಲಾ ಹರಡುತ್ತಂತೆ. ಟಿ.ಬಿ. ಅನ್ನೋ ಅನುಮಾನ ಇದ್ದರೆ ಮಾತ್ರೆಯನ್ನೇ ಕೊಟ್ಟು ನೋಡಿ” ಎಂದು ಕೈ ಮುಗಿದರು.

ಇಂಥ ಸಂದರ್ಭ ಯಾವ ಮನೆಗೂ ಬರಬಹುದು. ಆಗ ಏನು ಮಾಡಬೇಕು, ಯಾಕೆ ಮಾಡಬೇಕು ಎಂಬುದನ್ನು ನೀವು ಮೊದಲೇ ತಿಳಿದಿದ್ದರೆ ತೀರ್ಮಾನ ಸುಲಭವಾಗುತ್ತದೆ.

ಕ್ಷಯ ಹೊಟ್ಟೆಗೂ ಬರುತ್ತದೆಯೇ?

ಕ್ಷಯವೆಂದರೆ ಕೆಮ್ಮು, ಕಫ, ರಕ್ತ ಎಂಬುದು ಎಲ್ಲರ ತಿಳಿವಳಿಕೆ. ಇದಕ್ಕೆ ಕಾರಣವಾದ ರೋಗಾಣುವನ್ನು ಕಂಡುಹಿಡಿದುದಾಗಿ ಜರ್ಮನಿಯ ರಾಬರ್ಟ್ ಕಾಖ್ 1882ರ ಮಾರ್ಚ್ 24ರಂದು ಪ್ರಕಟಿಸಿದ. ಈ ರೋಗಾಣುವಿಗೆ ಶ್ವಾಸಕೋಶ ಅಚ್ಚುಮೆಚ್ಚಿನ ಜಾಗವೇನೋ ನಿಜ. ಆದರೆ ಕೂದಲು ಮತ್ತು ಉಗುರನ್ನು ಬಿಟ್ಟರೆ ದೇಹದ ಬಹುತೇಕ ಎಲ್ಲ ಭಾಗಗಳಲ್ಲೂ ಅದು ಮನೆ ಮಾಡಬಲ್ಲದು. ಕುತ್ತಿಗೆಯ ಗಂಟು, ಬೆನ್ನುಮೂಳೆ, ಮೆದುಳಿನ ಪೊರೆ, ಮೂತ್ರಪಿಂಡ ಹಾಗೂ ಹೊಟ್ಟೆ ಇವುಗಳಲ್ಲಿ ಮುಖ್ಯವಾದವು.

ಹೊಟ್ಟೆಯನ್ನು ಅದು ಸೇರುವ ದಾರಿಗಳು ಹಲವು. ಶ್ವಾಸಕೋಶದ ಕ್ಷಯವಿರುವವರು ಕಫವನ್ನು ನುಂಗಿದಾಗ ರೋಗಾಣು ಕರುಳಿಗೆ ಇಳಿಯಬಹುದು. ಎಂದೋ ಬಾಲ್ಯದಲ್ಲಿ ಉಸಿರಿನ ಮೂಲಕ ಒಳಹೊಕ್ಕು, ರಕ್ತದಲ್ಲಿ ಹರಿದು, ಹೊಟ್ಟೆಯ ಗ್ರಂಥಿಗಳಲ್ಲಿ ವರ್ಷಗಟ್ಟಲೆ ಸುಮ್ಮನೆ ಮಲಗಿದ್ದು, ದೇಹದ ಶಕ್ತಿ ಕುಂದಿದಾಗ ಏಳಬಹುದು. ಹೆಂಗಸರಲ್ಲಿ ಅಂಡನಾಳದ ಸೋಂಕು ಹೊಟ್ಟೆಯ ಒಳಪೊರೆಗೆ ಹಬ್ಬಬಹುದು. ದನಗಳಿಗೆ ಬರುವ ಕ್ಷಯವು ಹಸಿ ಹಾಲಿನಿಂದ ಬರುವುದೂ ಉಂಟು. ಹಾಲನ್ನು ಉಕ್ಕಿಸಿ ಕಾಯಿಸುವ ನಮ್ಮ ಅಡುಗೆಮನೆಯ ಪದ್ಧತಿ ಈ ದಾರಿಯನ್ನು ಬಹುಮಟ್ಟಿಗೆ ಮುಚ್ಚಿದೆ. ಆ ಪದ್ಧತಿಯನ್ನು ಬಿಡಬೇಡಿ.

ಹೊಟ್ಟೆಯಲ್ಲಿ ಕ್ಷಯ ಮುಖ್ಯವಾಗಿ ಮೂರು ಕಡೆ ಕೂರುತ್ತದೆ. ಒಂದು ಕರುಳು, ಅದರಲ್ಲೂ ಸಣ್ಣ ಕರುಳು ದೊಡ್ಡ ಕರುಳನ್ನು ಸೇರುವ ಬಲಗಡೆಯ ಮೂಲೆ. ಎರಡು, ಹೊಟ್ಟೆಯ ಒಳಗೋಡೆಗೂ ಅಂಗಾಂಗಗಳಿಗೂ ಹೊದಿಸಿರುವ ತೆಳುವಾದ ಪೊರೆ. ಮೂರು, ದುಗ್ಧರಸ ಗ್ರಂಥಿಗಳು. ಅಪರೂಪವಾಗಿ ಯಕೃತ್ತು ಮತ್ತು ಗುಲ್ಮದಲ್ಲೂ ಕಾಣಿಸಿಕೊಳ್ಳುತ್ತದೆ.

ಲಕ್ಷಣಗಳೇನು?

ಈ ರೋಗಕ್ಕೆ ತನ್ನದೇ ಎಂಬ ಒಂದು ಗುರುತಿಲ್ಲ. ಇದೇ ತೊಂದರೆ. ಸಾಮಾನ್ಯವಾಗಿ ಕಾಣುವವು ಇವು:

* ವಾರಗಟ್ಟಲೆ ಬಂದು ಹೋಗುವ ಹೊಟ್ಟೆನೋವು. ಕೆಲವರಿಗೆ ಚೆಂಡೊಂದು ಹೊಟ್ಟೆಯೊಳಗೆ ಉರುಳಿದಂತೆ, ಗುಡುಗುಡು ಸದ್ದಾದ ಮೇಲೆ ನೋವು ಇಳಿದಂತೆ ಅನಿಸುತ್ತದೆ. ಕರುಳು ಕಿರಿದಾಗಿರುವುದರ ಸೂಚನೆ ಇದು.
* ಸಂಜೆಯ ಸಣ್ಣ ಜ್ವರ, ರಾತ್ರಿ ಬೆವರು.
* ಹಸಿವಿಲ್ಲದಿರುವುದು, ತೂಕ ಇಳಿಯುವುದು.
* ಕೆಲವು ದಿನ ಭೇದಿ, ಕೆಲವು ದಿನ ಮಲಬದ್ಧತೆ.
* ಹೊಟ್ಟೆಯಲ್ಲಿ ನೀರು ತುಂಬುವುದು ಅಥವಾ ಗಂಟು ಕೈಗೆ ಸಿಗುವುದು.
* ಹೆಂಗಸರಲ್ಲಿ ಮುಟ್ಟು ಏರುಪೇರಾಗುವುದು, ಮಕ್ಕಳಾಗದಿರುವುದು.

ಮಧುಮೇಹ ಮತ್ತು ಎಚ್.ಐ.ವಿ. ಸೋಂಕು ಇರುವವರು, ಬಹುಕಾಲ ಸ್ಟಿರಾಯ್ಡ್ ಮಾತ್ರೆ ಸೇವಿಸುವವರು, ಡಯಾಲಿಸಿಸ್ ಪಡೆಯುವವರು, ಮಿತಿಮೀರಿ ಕುಡಿಯುವವರು, ಸರಿಯಾದ ಊಟ ಇಲ್ಲದವರು ಹೆಚ್ಚು ಎಚ್ಚರಿಕೆಯಿಂದಿರಬೇಕು. ಕುಡಿಯುವ ಗಂಡಸಿನ ಹೊಟ್ಟೆಯಲ್ಲಿ ನೀರು ತುಂಬಿದರೆ “ಲಿವರ್ ಹೋಯಿತು” ಎಂದು ಮನೆಯವರೇ ತೀರ್ಮಾನಿಸಿ ಸುಮ್ಮನಾಗುವುದನ್ನು ನೋಡಿದ್ದೇನೆ. ಲಿವರ್ ಕಾಯಿಲೆಯ ಜೊತೆಗೆ ಕ್ಷಯವೂ ಇರಬಹುದು. ಆ ನೀರನ್ನು ಒಮ್ಮೆ ಪರೀಕ್ಷಿಸಲೇಬೇಕು.

ಹಳೆಯ ಪಾಠವೊಂದು

ಬೆಂಗಳೂರಿನ ಬಳ್ಳಾರಿ ರಸ್ತೆಯಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಇದೆ. 1959ರಲ್ಲಿ ಆರಂಭವಾದ ಇದರ ಸಂಶೋಧನೆಗಳೇ 1962ರ ರಾಷ್ಟ್ರೀಯ ಕ್ಷಯ ಕಾರ್ಯಕ್ರಮಕ್ಕೆ ಬುನಾದಿಯಾದವು. ಈ ಸಂಸ್ಥೆಯ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಮಾಡಿದ ಅಧ್ಯಯನವೊಂದು 1963ರಲ್ಲಿ ಪ್ರಕಟವಾಯಿತು. ಹಳ್ಳಿಯ ಜನ ಅಜ್ಞಾನದಿಂದ ಆಸ್ಪತ್ರೆಗೆ ಬರುವುದಿಲ್ಲ ಎಂಬ ನಂಬಿಕೆ ಆಗ ಇತ್ತು. ಅಧ್ಯಯನ ಬೇರೆಯೇ ಹೇಳಿತು. ಶ್ವಾಸಕೋಶದ ಕ್ಷಯವಿದ್ದವರಲ್ಲಿ ಬಹುತೇಕ ಎಲ್ಲರಿಗೂ ತಮಗೇನೋ ಆಗಿದೆ ಎಂಬುದು ಗೊತ್ತಿತ್ತು. ಅರ್ಧಕ್ಕೂ ಹೆಚ್ಚು ಮಂದಿ ಆಗಲೇ ವೈದ್ಯರ ಬಳಿಗೆ ಹೋಗಿಯೂ ಇದ್ದರು. ಅಲ್ಲಿ ಅವರಿಗೆ ಸಾಮಾನ್ಯವಾಗಿ ಸಿಕ್ಕಿದ್ದು ಕೆಮ್ಮಿನ ಔಷಧಿಯ ಒಂದು ಬಾಟಲಿ.

ಅರವತ್ತು ವರ್ಷಗಳ ಮೇಲೆ, ಅದೇ ರೋಗ ಹೊಟ್ಟೆಯಲ್ಲಿ ಕುಳಿತು ಬಂದಾಗ ನಾನು ಕೊಟ್ಟದ್ದು ಗ್ಯಾಸ್ಟ್ರಿಕ್ ಮಾತ್ರೆ. ಬಾಟಲಿ ಹೋಗಿ ಮಾತ್ರೆಯ ಹಾಳೆ ಬಂದಿದೆ, ಅಷ್ಟೆ. ಆದ್ದರಿಂದ ನಿಮ್ಮಲ್ಲಿ ಒಂದು ಕೋರಿಕೆ. ಹೊಟ್ಟೆಯ ತೊಂದರೆ ಎರಡು ಮೂರು ವಾರ ದಾಟಿದರೆ, ಜೊತೆಗೆ ಜ್ವರವೋ ತೂಕ ಇಳಿಯುವುದೋ ಇದ್ದರೆ, ವೈದ್ಯರು ಕೇಳದಿದ್ದರೂ ನೀವೇ ಹೇಳಿ.

ಕಂಡುಹಿಡಿಯುವುದು ಯಾಕೆ ಕಷ್ಟ?

“ಎದೆಯ ಎಕ್ಸ್-ರೇ ಚೆನ್ನಾಗಿದೆ, ಹಾಗಾಗಿ ಟಿ.ಬಿ. ಇಲ್ಲ” ಎನ್ನುವವರುಂಟು. ಹೊಟ್ಟೆಯ ಕ್ಷಯವಿರುವ ಅರ್ಧಕ್ಕಿಂತ ಹೆಚ್ಚು ಮಂದಿಯ ಎದೆಯ ಎಕ್ಸ್-ರೇಯಲ್ಲಿ ಏನೂ ಇರುವುದಿಲ್ಲ. ಕಫದಲ್ಲಿ ಲಕ್ಷಾಂತರ ರೋಗಾಣುಗಳಿದ್ದರೆ ಹೊಟ್ಟೆಯ ನೀರಿನಲ್ಲಿ ಅವು ಬೆರಳೆಣಿಕೆಯಷ್ಟು. ಸೂಕ್ಷ್ಮದರ್ಶಕದಡಿ ನೂರರಲ್ಲಿ ಎರಡು ಮೂರು ಮಂದಿಯಲ್ಲಿ ಕಂಡರೆ ಅದೇ ಹೆಚ್ಚು. ರೋಗಾಣುವನ್ನು ಬೆಳೆಸಿ ನೋಡುವ ಕಲ್ಚರ್ ಪರೀಕ್ಷೆಗೆ ಆರೆಂಟು ವಾರ ಹಿಡಿಯಬಹುದು. ಕಫದಲ್ಲಿ ಎರಡು ಗಂಟೆಯಲ್ಲಿ ಉತ್ತರ ಕೊಡುವ ಸಿಬಿನ್ಯಾಟ್ ಪರೀಕ್ಷೆಯೂ ಹೊಟ್ಟೆಯ ನೀರಿನಲ್ಲಿ ಬಹಳ ಸಲ ಸೋಲುತ್ತದೆ. ರಕ್ತದಲ್ಲಿ ಪ್ರತಿಕಾಯಗಳನ್ನು ನೋಡಿ ಕ್ಷಯ ಹೇಳುವ ಪರೀಕ್ಷೆಗಳು ದಾರಿ ತಪ್ಪಿಸುತ್ತವೆಂದು ಕೇಂದ್ರ ಸರ್ಕಾರ 2012ರಲ್ಲೇ ಅವನ್ನು ನಿಷೇಧಿಸಿದೆ.

ಹೊಟ್ಟೆಯ ನೀರಿನ ಎಡಿಎ ಪರೀಕ್ಷೆ ಒಳ್ಳೆಯ ಸಹಾಯಕ. ಅಂಕಿ ಸ್ಪಷ್ಟವಾಗಿ ಹೆಚ್ಚಿದ್ದು ಉಳಿದ ಲಕ್ಷಣಗಳೂ ಹೊಂದಿಕೊಂಡರೆ ವೈದ್ಯರು ಅಷ್ಟರ ಮೇಲೇ ಚಿಕಿತ್ಸೆ ಆರಂಭಿಸಬಹುದು. ಆದರೆ ಅದು ಗಡಿಯಲ್ಲಿ ನಿಂತಾಗ ಗೊಂದಲ ತಪ್ಪುವುದಿಲ್ಲ. ಸಿಎ-125 ಅಂತೂ ಅಂಡಾಶಯದ ಕ್ಯಾನ್ಸರಿನಲ್ಲೂ ಏರುತ್ತದೆ, ಹೊಟ್ಟೆಯ ಪೊರೆಯ ಕ್ಷಯದಲ್ಲೂ ಏರುತ್ತದೆ. ಆ ಒಂದು ಅಂಕಿಯನ್ನು ನೋಡಿ ಯಾರೂ ಎದೆಗುಂದಬೇಕಾಗಿಲ್ಲ.

ಊಹೆಯ ಚಿಕಿತ್ಸೆಯ ಅಪಾಯ

“ಮಾತ್ರೆ ಕೊಟ್ಟು ನೋಡೋಣ” ಎಂಬುದು ಮೇಲುನೋಟಕ್ಕೆ ಸುಲಭದ ದಾರಿ. ಅದರಲ್ಲಿ ಮೂರು ಅಪಾಯಗಳಿವೆ. ಇರುವುದು ಕ್ಯಾನ್ಸರ್ ಅಥವಾ ಲಿಂಫೋಮ ಆಗಿದ್ದರೆ, ಕ್ಷಯದ ಮಾತ್ರೆ ನುಂಗುತ್ತಾ ಕಳೆಯುವ ಎರಡು ಮೂರು ತಿಂಗಳಲ್ಲಿ ಗುಣಪಡಿಸಬಹುದಾದ ಹಂತವೇ ದಾಟಿಹೋಗಬಹುದು. ಇರುವುದು ಕ್ಷಯವಾಗಿದ್ದು ಅದನ್ನು ಕ್ರಾನ್ಸ್ ಎಂಬ ಕರುಳಿನ ಕಾಯಿಲೆ ಎಂದು ಭಾವಿಸಿದರೆ, ಅದಕ್ಕೆ ಕೊಡುವ ಸ್ಟಿರಾಯ್ಡ್ ಔಷಧಿಯಿಂದ ಕ್ಷಯ ಕೆರಳಿ ಹರಡುತ್ತದೆ. ಇರುವುದು ಔಷಧಿಗೆ ಬಗ್ಗದ ಕ್ಷಯವಾಗಿದ್ದರೆ, ರೋಗಾಣುವಿನ ಪರೀಕ್ಷೆ ಇಲ್ಲದೆ ಅದು ತಿಳಿಯುವುದೇ ಇಲ್ಲ.

ಗಣಿತಜ್ಞ ಶ್ರೀನಿವಾಸ ರಾಮಾನುಜನ್ 1917ರಲ್ಲಿ ಇಂಗ್ಲೆಂಡಿನಲ್ಲಿ ಕಾಯಿಲೆ ಬಿದ್ದಾಗ ವೈದ್ಯರು ಬೇರೆ ಬೇರೆ ಹೆಸರು ಹೇಳಿ, ಕೊನೆಗೆ ಕ್ಷಯವೆಂದೇ ನಡೆದುಕೊಂಡರು. 1920ರಲ್ಲಿ, ತಮ್ಮ 32ನೆಯ ವಯಸ್ಸಿನಲ್ಲಿ, ಮದರಾಸಿನಲ್ಲಿ ಅವರು ತೀರಿಕೊಂಡರು. ಹಳೆಯ ದಾಖಲೆಗಳನ್ನು ಪರಿಶೀಲಿಸಿದ ಡಿ.ಎ.ಬಿ. ಯಂಗ್ ಎಂಬವರು 1994ರಲ್ಲಿ ಅದು ಕ್ಷಯವಲ್ಲ, ಆಮಶಂಕೆಯ ಕಾರಣದಿಂದಾದ ಯಕೃತ್ತಿನ ಕಾಯಿಲೆಯಾಗಿರಬೇಕು ಎಂಬ ಅಭಿಪ್ರಾಯಕ್ಕೆ ಬಂದರು. ಆ ಕಾಯಿಲೆಗೆ ಅಂದೂ ಔಷಧಿ ಇತ್ತು. ಇದು ಅಭಿಪ್ರಾಯವೇ ಹೊರತು ಸಾಬೀತಾದ ಸಂಗತಿಯಲ್ಲ. ಅಂದು ಹೊಟ್ಟೆಯೊಳಗೆ ನೋಡುವ ಸುಲಭ ದಾರಿ ವೈದ್ಯರಿಗೆ ಇರಲಿಲ್ಲ. ಇಂದು ಇದೆ.

ಏನಿದು ಲ್ಯಾಪ್ರೋಸ್ಕೋಪಿ?

ನಮ್ಮ ತಾಯಂದಿರಿಗೆ ಈ ಹೆಸರು ಹೊಸದಲ್ಲ. ಸಂತಾನಶಕ್ತಿಹರಣದ ಶಿಬಿರಗಳಲ್ಲಿ “ಲ್ಯಾಪ್ರೋಸ್ಕೋಪಿ ಆಪರೇಷನ್” ಮಾಡಿಸಿಕೊಂಡವರು ಪ್ರತಿ ಊರಿನಲ್ಲೂ ಇದ್ದಾರೆ. ಉದ್ದವಾಗಿ ಕೊಯ್ಯದೆ, ಬೀಗದ ಕೈಯ ಕಿಂಡಿಯಷ್ಟು ಸಣ್ಣ ರಂಧ್ರದಿಂದ ಹೊಟ್ಟೆಯೊಳಗೆ ನೋಡುವ ವಿಧಾನವಿದು. ಪತ್ರಿಕೆಗಳು ಕೀಹೋಲ್ ಸರ್ಜರಿ ಎನ್ನುವುದು ಇದನ್ನೇ.

ಕ್ಷಯಕ್ಕೂ ಈ ವಿಧಾನಕ್ಕೂ ಹಳೆಯ ನಂಟಿದೆ. ಜರ್ಮನಿಯ ಗಿಯಾರ್ಗ್ ಕೆಲ್ಲಿಂಗ್ 1901ರಲ್ಲಿ ನಾಯಿಯೊಂದರ ಹೊಟ್ಟೆಗೆ ಗಾಳಿ ತುಂಬಿ, ನಳಿಗೆ ತೂರಿಸಿ ಒಳಗೆ ನೋಡಿದ. ಸ್ವೀಡನ್ನಿನ ಹ್ಯಾನ್ಸ್ ಕ್ರಿಶ್ಚಿಯನ್ ಯಾಕೊಬೇಯಸ್ 1910ರಲ್ಲಿ ಮನುಷ್ಯರ ಮೇಲಿನ ಅನುಭವವನ್ನು ಪ್ರಕಟಿಸಿದ. ಅವನು ನೋಡಿದ್ದು ಹೆಚ್ಚಾಗಿ ಹೊಟ್ಟೆಯಲ್ಲಿ ನೀರು ತುಂಬಿದವರನ್ನು. ಮುಂದೆ ಶ್ವಾಸಕೋಶದ ಕ್ಷಯದ ಚಿಕಿತ್ಸೆಗೆ ಅಡ್ಡಿಯಾಗುತ್ತಿದ್ದ ಎದೆಗೂಡಿನ ಅಂಟುಗಳನ್ನು ಇಂಥದೇ ನಳಿಗೆಯ ಮೂಲಕ ಬಿಡಿಸಿದವನೂ ಅವನೇ. ನಮ್ಮ ದೇಶದಲ್ಲಿ ಮುಂಬಯಿಯ ಡಾ. ತೆಹೆಮ್ಟನ್ ಉದ್ವಾಡಿಯಾ 1972ರಿಂದಲೇ ರೋಗ ಪತ್ತೆಗೆ ಇದನ್ನು ಬಳಸಿದರು. ಇದೇ ವಿಧಾನದಿಂದ ಪಿತ್ತಕೋಶವನ್ನು ತೆಗೆಯುವ ಶಸ್ತ್ರಚಿಕಿತ್ಸೆಯನ್ನು ಭಾರತದಲ್ಲಿ ಮೊದಲು ಮಾಡಿದವರೂ ಅವರೇ, 1990ರಲ್ಲಿ. ಸ್ಕ್ಯಾನಿಂಗ್ ಯಂತ್ರಗಳು ಎಲ್ಲೆಡೆ ಇಲ್ಲದ ದಿನಗಳಲ್ಲಿ ಹೊಟ್ಟೆಯ ಒಗಟು ಬಿಡಿಸಲು ಈ ನಳಿಗೆ ತುಂಬ ನೆರವಾಯಿತು.

ಹೇಗೆ ಮಾಡುತ್ತಾರೆ?

ಹಿಂದಿನ ರಾತ್ರಿಯಿಂದ ಖಾಲಿ ಹೊಟ್ಟೆಯಲ್ಲಿರಬೇಕು. ಸಾಮಾನ್ಯವಾಗಿ ಪೂರ್ತಿ ಅರಿವಳಿಕೆ ಕೊಡುತ್ತಾರೆ. ಹೊಕ್ಕುಳ ಬಳಿ ಒಂದು ಸೆಂಟಿಮೀಟರಿನಷ್ಟು ಕೊಯ್ದು, ಇಂಗಾಲಾಮ್ಲ ಅನಿಲವನ್ನು ಹದವಾಗಿ ತುಂಬಿ ಹೊಟ್ಟೆಯನ್ನು ಉಬ್ಬಿಸುತ್ತಾರೆ. ಡೇರೆಯನ್ನು ಎತ್ತಿ ಕಟ್ಟಿದಂತೆ ಒಳಗೆ ಜಾಗವಾಗುತ್ತದೆ. ಬೆಳಕು ಮತ್ತು ಕ್ಯಾಮೆರಾ ಇರುವ ನಳಿಗೆಯನ್ನು ಇಳಿಸಿದರೆ ಟಿ.ವಿ. ಪರದೆಯ ಮೇಲೆ ಒಳಗಿನದೆಲ್ಲ ದೊಡ್ಡದಾಗಿ ಕಾಣುತ್ತದೆ. ಪಕ್ಕದಲ್ಲಿ ಇನ್ನೂ ಒಂದೆರಡು ಅರ್ಧ ಸೆಂಟಿಮೀಟರಿನ ರಂಧ್ರ ಮಾಡಿ, ಸಣ್ಣ ಚಿಮುಟದಿಂದ ತುಣುಕುಗಳನ್ನು ತೆಗೆಯುತ್ತಾರೆ. ತುಂಬಿದ ನೀರನ್ನೂ ಹೀರಿ ತೆಗೆಯುತ್ತಾರೆ. ಸಾಮಾನ್ಯವಾಗಿ ಒಂದು ಗಂಟೆಯೊಳಗೆ ಮುಗಿಯುವ ಕೆಲಸ. ಒಂದೆರಡು ದಿನದಲ್ಲಿ ಮನೆಗೆ ಹೋಗಬಹುದು. ಒಂದೆರಡು ದಿನ ಹೆಗಲು ನೋಯುವುದುಂಟು. ಒಳಗೆ ಉಳಿದ ಅನಿಲ ಇದಕ್ಕೆ ಕಾರಣ. ಹೆದರಬೇಕಾಗಿಲ್ಲ.

ಪೊರೆಯ ಕ್ಷಯವಿದ್ದರೆ ನುಣುಪಾಗಿ ಹೊಳೆಯಬೇಕಾದ ಒಳಪೊರೆಯ ತುಂಬ ನವಣೆ ಕಾಳು ಚೆಲ್ಲಿದಂತೆ ಬಿಳಿ ಹಳದಿ ಗುಳ್ಳೆಗಳು ಕಾಣುತ್ತವೆ. ಕರುಳುಗಳು ಒಂದಕ್ಕೊಂದು ಅಂಟಿಕೊಂಡು, ನಡುವೆ ಜೇಡರ ಬಲೆಯಂಥ ಎಳೆಗಳಿರಬಹುದು. ನುರಿತ ಕಣ್ಣಿಗೆ ಇದು ಬಹುಮಟ್ಟಿಗೆ ತಿಳಿಯುತ್ತದೆ. ಆದರೂ ಬರೀ ಕಣ್ಣಿನ ನೋಟ ಸಾಲದು. ಕ್ಯಾನ್ಸರ್ ಕೂಡ ಕೆಲವೊಮ್ಮೆ ಹೀಗೆಯೇ ಕಾಳು ಕಾಳಾಗಿ ಹರಡುತ್ತದೆ. ತುಣುಕನ್ನು ಪ್ರಯೋಗಾಲಯದಲ್ಲಿ ನೋಡಿದಾಗ, ರಕ್ಷಕ ಕಣಗಳು ಸುತ್ತುಗಟ್ಟಿ ಮಾಡಿದ ಗಂಟುಗಳೂ ಅವುಗಳ ನಡುವೆ ಗಿಣ್ಣಿನಂತೆ ಕೊಳೆತ ಭಾಗವೂ ಕಂಡರೆ ಕ್ಷಯವೆಂಬುದಕ್ಕೆ ಬಲವಾದ ಸಾಕ್ಷಿ. ನೋಟ ಮತ್ತು ತುಣುಕು ಎರಡೂ ಸೇರಿದಾಗ ಪೊರೆಯ ಕ್ಷಯವಿರುವ ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಮಂದಿಯಲ್ಲಿ ಸರಿಯಾದ ಉತ್ತರ ಸಿಗುತ್ತದೆ.

ಎರಡು ಬಾಟಲಿಗಳ ವಿಷಯ

ಇದೊಂದನ್ನು ಮನೆಯವರು ನೆನಪಿಡಬೇಕು. ತೆಗೆದ ತುಣುಕುಗಳನ್ನು ಎರಡು ಭಾಗ ಮಾಡಬೇಕು. ಒಂದು ಭಾಗ ಫಾರ್ಮಲಿನ್ ಇರುವ ಬಾಟಲಿಯಲ್ಲಿ, ಸೂಕ್ಷ್ಮದರ್ಶಕದ ಪರೀಕ್ಷೆಗೆ. ಇನ್ನೊಂದು ಭಾಗ ಬರೀ ಸಲೈನ್ ಇರುವ ಶುದ್ಧ ಬಾಟಲಿಯಲ್ಲಿ, ಸಿಬಿನ್ಯಾಟ್ ಮತ್ತು ಕಲ್ಚರ್ ಪರೀಕ್ಷೆಗೆ. ಫಾರ್ಮಲಿನ್ ರೋಗಾಣುವನ್ನು ಕೊಲ್ಲುತ್ತದೆ. ಎಲ್ಲ ತುಣುಕುಗಳನ್ನೂ ಅದರಲ್ಲೇ ಹಾಕಿದರೆ ರೋಗಾಣುವನ್ನು ಬೆಳೆಸಿ, ಯಾವ ಔಷಧಿಗೆ ಬಗ್ಗುತ್ತದೆ ಎಂದು ತಿಳಿಯುವ ಅವಕಾಶ ಕೈತಪ್ಪುತ್ತದೆ. ಶಸ್ತ್ರಚಿಕಿತ್ಸೆಗೆ ಮುಂಚೆಯೇ, “ಡಾಕ್ಟ್ರೇ, ಟಿ.ಬಿ. ಕಲ್ಚರಿಗೂ ಕಳಿಸುತ್ತೀರಲ್ಲವೇ?” ಎಂದು ವಿನಯದಿಂದ ಕೇಳಿ. ಒಳ್ಳೆಯ ವೈದ್ಯರು ಬೇಸರ ಮಾಡಿಕೊಳ್ಳುವುದಿಲ್ಲ.

ಎಲ್ಲರಿಗೂ ಬೇಕೇ?

ಬೇಡ. ಕಾಯಿಲೆ ಕರುಳಿನ ಒಳಗೋಡೆಯಲ್ಲಿದ್ದರೆ ಗುದದ್ವಾರದ ಮೂಲಕ ಮಾಡುವ ಕೊಲೊನೋಸ್ಕೋಪಿಯಲ್ಲೇ ತುಣುಕು ಸಿಗುತ್ತದೆ. ಗಂಟು ಅಥವಾ ದಪ್ಪವಾದ ಪೊರೆ ಹೊರಗಿನಿಂದ ಎಟಕುವಂತಿದ್ದರೆ ಸ್ಕ್ಯಾನಿಂಗ್ ನೋಡುತ್ತಾ ಸೂಜಿಯಿಂದಲೇ ತುಣುಕು ತೆಗೆಯಬಹುದು. ಕುತ್ತಿಗೆಯಲ್ಲಿ ಗಂಟಿದ್ದರೆ ಅಲ್ಲಿಂದಲೇ ತೆಗೆದರೆ ಸಾಕು. ಈ ಸುಲಭ ದಾರಿಗಳಿಂದ ಉತ್ತರ ಸಿಗದಿದ್ದಾಗ, ಮುಖ್ಯವಾಗಿ ಪೊರೆಯ ಕಾಯಿಲೆಯಲ್ಲಿ, ಕ್ಯಾನ್ಸರೋ ಕ್ಷಯವೋ ಎಂಬ ಅನುಮಾನ ಉಳಿದಾಗ ಲ್ಯಾಪ್ರೋಸ್ಕೋಪಿ ಬೇಕಾಗುತ್ತದೆ.

ಅಪಾಯವೇ ಇಲ್ಲವೆಂದು ಹೇಳಲಾರೆ. ಕರುಳು ಹೊಟ್ಟೆಯ ಗೋಡೆಗೆ ಅಂಟಿಕೊಂಡಿದ್ದರೆ ನಳಿಗೆ ಹಾಕುವಾಗ ಗಾಯವಾಗಬಹುದು. ಅನುಮಾನವಿದ್ದಾಗ ಶಸ್ತ್ರವೈದ್ಯರು ಹೊಕ್ಕುಳ ಬಳಿ ಪದರ ಪದರವಾಗಿ ಬಿಡಿಸಿ, ಕಣ್ಣಾರೆ ನೋಡುತ್ತಾ ಒಳಗೆ ಹೋಗುತ್ತಾರೆ. ಅಂಟು ತೀರಾ ಹೆಚ್ಚಿದ್ದರೆ ಹೊಟ್ಟೆಯನ್ನು ತೆರೆಯಬೇಕಾದೀತು. ಹೃದಯ ಅಥವಾ ಶ್ವಾಸಕೋಶದ ತೀವ್ರ ಕಾಯಿಲೆ ಇರುವವರಿಗೆ, ರಕ್ತ ಹೆಪ್ಪುಗಟ್ಟದವರಿಗೆ ಹೆಚ್ಚಿನ ಎಚ್ಚರಿಕೆ ಬೇಕು. ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮೊದಲು ಇವನ್ನೆಲ್ಲ ಕೇಳಿ ತಿಳಿಯುವುದು ನಿಮ್ಮ ಹಕ್ಕು.

ಚಿಕಿತ್ಸೆ ಹೇಗೆ?

ಮೂಡಲಪಾಳ್ಯದ ಆ ಮನೆಯವರು ಮೂರು ದಿನ ಯೋಚಿಸಿ ಒಪ್ಪಿದರು. ಒಳಗೆ ಕಂಡದ್ದು ಬಿಳಿಯ ಕಾಳುಗಳು. ತುಣುಕಿನ ವರದಿಗೆ ಐದು ದಿನ ಕಾಯಬೇಕಾಯಿತು. ಆ ಐದು ದಿನ ಗಂಡ ಆಟೋ ಓಡಿಸಲಿಲ್ಲ. ವರದಿ ಬಂತು. ಕ್ಷಯ. ಕ್ಯಾನ್ಸರ್ ಅಲ್ಲ. ಸಿಬಿನ್ಯಾಟ್‌ನಲ್ಲಿ ರೋಗಾಣು ಸಿಕ್ಕಿತು, ಮುಖ್ಯ ಔಷಧಿಯಾದ ರಿಫಾಂಪಿಸಿನ್‌ಗೆ ಅದು ಬಗ್ಗುತ್ತದೆಂದೂ ತಿಳಿಯಿತು. ಟಿ.ಬಿ. ಎಂಬ ಸುದ್ದಿ ಕೇಳಿ ಒಂದು ಮನೆಯವರು ದೇವರಿಗೆ ಕೈ ಮುಗಿದುದನ್ನು ನಾನು ಅಂದೇ ನೋಡಿದ್ದು.

ಸಾಮಾನ್ಯ ಹೊಟ್ಟೆಯ ಕ್ಷಯಕ್ಕೆ ಚಿಕಿತ್ಸೆ ಆರು ತಿಂಗಳು. ಮೊದಲ ಎರಡು ತಿಂಗಳು ನಾಲ್ಕು ಔಷಧಿ, ಆಮೇಲೆ ನಾಲ್ಕು ತಿಂಗಳು ಮೂರು ಔಷಧಿ, ಪ್ರತಿದಿನ, ತೂಕಕ್ಕೆ ತಕ್ಕಂತೆ. ಹಿಂದೆ ಒಂಬತ್ತು ತಿಂಗಳು, ಒಂದು ವರ್ಷ ಕೊಡುತ್ತಿದ್ದರು. ಆರು ತಿಂಗಳು ಒಂಬತ್ತು ತಿಂಗಳಷ್ಟೇ ಪರಿಣಾಮಕಾರಿ ಎಂದು ನಮ್ಮ ದೇಶದಲ್ಲೇ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿದೆ. ಕರುಳು ಕಟ್ಟಿಕೊಂಡರೆ ಅಥವಾ ತೂತಾದರೆ ಮಾತ್ರ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ.

ಮಾತ್ರೆ ಆರಂಭಿಸಿದ ಮೇಲೆ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಅದು ಔಷಧಿಯ ಬಣ್ಣ, ರಕ್ತವಲ್ಲ. ಆದರೆ ಕಣ್ಣು ಹಳದಿಯಾದರೆ, ವಾಂತಿ ನಿಲ್ಲದಿದ್ದರೆ, ದೃಷ್ಟಿ ಮಂಜಾದರೆ, ಕೆಂಪು ಹಸಿರು ಗುರುತಿಸಲು ಕಷ್ಟವಾದರೆ ಕೂಡಲೇ ವೈದ್ಯರನ್ನು ಕಾಣಬೇಕು. ಗರ್ಭನಿರೋಧಕ ಮಾತ್ರೆಗಳು ಈ ಅವಧಿಯಲ್ಲಿ ಸರಿಯಾಗಿ ಕೆಲಸ ಮಾಡುವುದಿಲ್ಲ. ಬೇರೆ ವಿಧಾನ ಅನುಸರಿಸಬೇಕು. ಮೂರು ನಾಲ್ಕು ವಾರದಲ್ಲಿ ಜ್ವರ ಇಳಿದು, ಹಸಿವು ಮರಳುತ್ತದೆ. “ಗುಣವಾಯಿತು” ಎಂದು ಮಾತ್ರೆ ಬಿಡುವವರು ಹೆಚ್ಚಾಗಿ ಆಗಲೇ ಬಿಡುತ್ತಾರೆ. ಹಾಗೆ ಬಿಟ್ಟರೆ ರೋಗ ಮರಳುತ್ತದೆ, ಈ ಸಲ ಔಷಧಿಗೆ ಬಗ್ಗದೆಯೂ ಇರಬಹುದು.

ಔಷಧಿ ಸರ್ಕಾರದಿಂದ ಉಚಿತ. ಖಾಸಗಿ ವೈದ್ಯರೂ ಕ್ಷಯರೋಗಿಗಳ ವಿವರವನ್ನು ಸರ್ಕಾರಕ್ಕೆ ತಿಳಿಸುವುದು 2012ರಿಂದ ಕಡ್ಡಾಯ. ನೋಂದಣಿಯಾದವರಿಗೆ ಪೌಷ್ಟಿಕ ಆಹಾರಕ್ಕಾಗಿ ನೀಡುವ ಹಣವನ್ನು 2024ರ ನವೆಂಬರಿನಲ್ಲಿ ತಿಂಗಳಿಗೆ 500ರಿಂದ 1,000 ರೂಪಾಯಿಗೆ ಏರಿಸಲಾಯಿತು. ಹೆಚ್ಚಿನ ವಿವರಕ್ಕೆ ಉಚಿತ ದೂರವಾಣಿ 1800-11-6666. ಗಾರ್ಮೆಂಟ್ಸ್ ಮತ್ತು ಕಾರ್ಖಾನೆಗಳಲ್ಲಿ ಇ.ಎಸ್.ಐ. ಇರುವವರು ಇನ್ನೊಂದನ್ನು ತಿಳಿದಿರಬೇಕು. ದೀರ್ಘಕಾಲದ ಕಾಯಿಲೆಗಳಿಗೆ ಹೆಚ್ಚಿನ ದರದಲ್ಲಿ ಅನಾರೋಗ್ಯ ಭತ್ಯೆ ಕೊಡುವ ಪಟ್ಟಿಯಲ್ಲಿ ಕ್ಷಯವೂ ಇದೆ. ಕೆಲಸಕ್ಕೆ ಹೋಗಲಾಗದಿದ್ದರೆ ಸಂಬಳ ಪೂರ್ತಿ ನಿಂತುಹೋಗುತ್ತದೆಂದು ಹೆದರಿ ಚಿಕಿತ್ಸೆ ಮುಂದೂಡಬೇಡಿ.

ತಟ್ಟೆ ಲೋಟ ಬೇರೆ ಬೇಡ

ಚಿಕಿತ್ಸೆ ಆರಂಭವಾದ ವಾರ ಆಕೆ ಒಬ್ಬರೇ ಬಂದರು. “ಅತ್ತೆ ತಟ್ಟೆ ಲೋಟ ಬೇರೆ ಇಟ್ಟಿದ್ದಾರೆ, ತವರಿಗೆ ಹೋಗಿದ್ದು ಬಾ ಅಂತಿದ್ದಾರೆ” ಎಂದರು. ಅತ್ತೆಯನ್ನು ಕರೆಸಿ ಹೇಳಿದೆ: “ಅಮ್ಮಾ, ಕ್ಷಯ ಹರಡುವುದು ಕೆಮ್ಮಿದಾಗ ಗಾಳಿಗೆ ಸೇರುವ ರೋಗಾಣುವಿನಿಂದ. ನಿಮ್ಮ ಸೊಸೆಯ ಶ್ವಾಸಕೋಶ ಚೆನ್ನಾಗಿದೆ. ಹೊಟ್ಟೆಯೊಳಗೆ ಮಾತ್ರ ಇರುವ ಕ್ಷಯ ತಟ್ಟೆಯಿಂದಾಗಲಿ, ಬಟ್ಟೆಯಿಂದಾಗಲಿ, ಪಕ್ಕದಲ್ಲಿ ಮಲಗಿದ್ದರಿಂದಾಗಲಿ ಬರುವುದಿಲ್ಲ.” ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ನಮ್ಮಣ್ಣನಿಗೆ ಹೀಗೇ ಬೇರೆ ಇಟ್ಟಿದ್ವಿ ಡಾಕ್ಟ್ರೇ, ಹಂಗೇ ಹೋಗಿಬಿಟ್ಟ” ಎಂದರು. ಮಾರನೆಯ ದಿನದಿಂದ ಸೊಸೆಗೆ ಮಾತ್ರೆ ಎತ್ತಿಕೊಡುವ ಕೆಲಸ ಅವರದೇ ಆಯಿತು. ಮನೆಯಲ್ಲಿ ಎಲ್ಲರಿಗೂ ಕೆಮ್ಮು, ಜ್ವರ ಇದೆಯೇ ಎಂದು ವಿಚಾರಿಸಿ, ಅಗತ್ಯವಿದ್ದವರಿಗೆ ಎಕ್ಸ್-ರೇ ಮಾಡಿಸಿದ್ದಾಯಿತು.

ಓದುಗರು ಕೇಳುವ ಕೆಲವು ಪ್ರಶ್ನೆಗಳು

ತುಣುಕು ತೆಗೆದರೆ ಕಾಯಿಲೆ ಹರಡುತ್ತದೆಯೇ?
ಮೈಯೆಲ್ಲಾ ಹರಡುತ್ತದೆಂಬ ಭಯಕ್ಕೆ ಆಧಾರವಿಲ್ಲ. ರಂಧ್ರ ಮಾಡಿದ ಜಾಗದಲ್ಲಿ ರೋಗ ಕಾಣಿಸಿಕೊಳ್ಳುವುದು ಅಪರೂಪ. ಏನೆಂದು ತಿಳಿಯದೆ ತಿಂಗಳುಗಟ್ಟಲೆ ಕಾಯುವುದೇ ಹೆಚ್ಚಿನ ಅಪಾಯ.

ಬಾಲ್ಯದಲ್ಲಿ ಬಿಸಿಜಿ ಚುಚ್ಚುಮದ್ದು ಹಾಕಿಸಿದ್ದರೂ ಬರುತ್ತದೆಯೇ?
ಬರಬಹುದು. ಮಕ್ಕಳಲ್ಲಿ ಮೆದುಳಿನ ಕ್ಷಯದಂಥ ತೀವ್ರ ರೂಪಗಳನ್ನು ತಡೆಯುವುದು ಅದರ ಮುಖ್ಯ ಉಪಯೋಗ. ದೊಡ್ಡವರಿಗೆ ಪೂರ್ತಿ ರಕ್ಷಣೆ ಅದರಿಂದ ಸಿಗದು.

ಪಥ್ಯವೇನು?
ವಿಶೇಷ ಪಥ್ಯವಿಲ್ಲ. ಮುದ್ದೆ, ಸೊಪ್ಪಿನ ಸಾರು, ಬೇಳೆ, ಮೊಟ್ಟೆ, ಹಾಲು, ಕಡಲೆಕಾಯಿ ಎಲ್ಲವೂ ಒಳ್ಳೆಯದೇ. ಕರುಳು ಕಿರಿದಾಗಿದ್ದರೆ ಮಾತ್ರ ನಾರು ಹೆಚ್ಚಿರುವ ಪದಾರ್ಥಗಳನ್ನು ವೈದ್ಯರ ಸಲಹೆಯಂತೆ ಕಡಿಮೆ ಮಾಡಿ. ಮದ್ಯವನ್ನು ಪೂರ್ತಿ ಬಿಡಬೇಕು. ಮಾತ್ರೆಗಳ ಜೊತೆ ಸೇರಿ ಅದು ಲಿವರನ್ನು ಕೆಡಿಸುತ್ತದೆ.

ಮುಂದೆ ಮಕ್ಕಳಾಗುತ್ತವೆಯೇ?
ಅಂಡನಾಳಗಳಿಗೆ ಎಷ್ಟು ಹಾನಿಯಾಗಿದೆ ಎಂಬುದರ ಮೇಲೆ ಅದು ನಿಂತಿದೆ. ಬೇಗ ಪತ್ತೆಯಾದಷ್ಟೂ ಆಸೆ ಹೆಚ್ಚು. ಚಿಕಿತ್ಸೆ ಮುಗಿಯುವವರೆಗೆ ಗರ್ಭ ಧರಿಸದಿರುವುದು ಒಳ್ಳೆಯದು.

ಈ ಕೊನೆಯ ಪ್ರಶ್ನೆಯನ್ನು ಆಕೆಯೂ ಕೇಳಿದರು. ಆರು ತಿಂಗಳ ಚಿಕಿತ್ಸೆ ಮುಗಿದಿದೆ. ಹೊಟ್ಟೆಯ ನೀರು ಪೂರ್ತಿ ಇಂಗಿದೆ. ತೂಕ 55 ಕಿಲೋ. ಕಾರ್ಖಾನೆಗೆ ಮರಳಿದ್ದಾರೆ. ಲ್ಯಾಪ್ರೋಸ್ಕೋಪಿಯ ದಿನ ಒಂದು ಕಡೆಯ ಅಂಡನಾಳ ಊದಿಕೊಂಡಿತ್ತು, ಇನ್ನೊಂದು ಚೆನ್ನಾಗಿಯೇ ಕಂಡಿತ್ತು. ಈಗ ಸ್ತ್ರೀರೋಗ ತಜ್ಞರ ಬಳಿ ಹೋಗುತ್ತಿದ್ದಾರೆ. ಉತ್ತರ ಇನ್ನೂ ಬರಬೇಕು.

ನನ್ನ ಕ್ಲಿನಿಕ್ಕಿನಲ್ಲಿ ತೂಕದ ಯಂತ್ರ ಮೂಲೆಯಲ್ಲಿತ್ತು. ಈಗ ಬಾಗಿಲ ಬಳಿ ಇಟ್ಟಿದ್ದೇನೆ. ಹೊಟ್ಟೆಯ ತೊಂದರೆ ಎಂದು ಬಂದವರು ಮೊದಲು ಅದರ ಮೇಲೆ ನಿಂತೇ ಒಳಗೆ ಬರಬೇಕು. ನಿಮ್ಮ ಮನೆಯಲ್ಲೂ ಯಾರಾದರೂ ವಾರಗಟ್ಟಲೆ “ಗ್ಯಾಸ್” ಎನ್ನುತ್ತಾ ಸೊರಗುತ್ತಿದ್ದರೆ ಇಂದೇ ತೂಕ ನೋಡಿ, ಸಂಜೆ ಜ್ವರ ನೋಡಿ, ಬರೆದಿಟ್ಟು ವೈದ್ಯರಿಗೆ ತೋರಿಸಿ. ತುಣುಕು ಪರೀಕ್ಷೆ ಬೇಕೆಂದರೆ ಮುಂದೂಡಬೇಡಿ.